ಎಷ್ಟು ಗೋಡೆ ದಾಟಿದರೆ ದೇವರು?

1871ರಲ್ಲಿ ಜೆರುಸಲೇಮಿನಲ್ಲಿ ಒಂದು ಕಲ್ಲು ಸಿಕ್ಕಿತು. ಕ್ಲೆರ್ಮಾನ್ ಗಾನೋ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಪತ್ತೆ ಮಾಡಿದ. ಸುಮಾರು ಎರಡಡಿ ಎತ್ತರ, ಮೂರಡಿ ಅಗಲ. ಮೇಲೆ ಗ್ರೀಕ್ ಭಾಷೆಯಲ್ಲಿ ಏಳು ಸಾಲು ಕೆತ್ತಿದ್ದಾರೆ. ಹೊರಗಿನವನು ಯಾವನೂ ಈ ಕಟಾಂಜನ ದಾಟಿ ಒಳಗೆ ಬರಕೂಡದು, ಬಂದು ಸಿಕ್ಕಿಬಿದ್ದವನು ಸತ್ತರೆ ಅದಕ್ಕೆ ಅವನೇ ಹೊಣೆ ಎಂಬುದು ಅದರ ತಾತ್ಪರ್ಯ. ಆ ಕಲ್ಲು ಈಗ ಇಸ್ತಾಂಬುಲಿನ ಮ್ಯೂಸಿಯಮ್ಮಿನಲ್ಲಿದೆ. 1935ರಲ್ಲಿ ಅಂಥದೇ ಇನ್ನೊಂದು ಕಲ್ಲಿನ ತುಂಡು ಸಿಕ್ಕಿತು. ಅದರ ಅಕ್ಷರಗಳೊಳಗೆ ಕೆಂಪು ಬಣ್ಣದ ಗುರುತು ಇನ್ನೂ ಉಳಿದಿತ್ತು. ದೂರದಿಂದಲೇ ಕಣ್ಣಿಗೆ ಹೊಡೆಯಲಿ ಅಂತ ಬಳಿದಿರಬೇಕು.

ಕಲ್ಲು ಗ್ರೀಕಿನಲ್ಲಿರುವುದನ್ನು ಗಮನಿಸಬೇಕು. ಒಳಗಿನ ಪುರೋಹಿತರ ಭಾಷೆ ಹೀಬ್ರೂ. ಆದರೆ ಹೊರಗಿಡಬೇಕಾದವನಿಗೆ ಅರ್ಥವಾಗಬೇಕಲ್ಲ, ಅದಕ್ಕೆ ಅವನಿಗೆ ತಿಳಿಯುವ ಭಾಷೆಯಲ್ಲೇ ಕೆತ್ತಿಸಿದರು. ನಮ್ಮ ಕಡೆ ಗುಡಿಗಳಿಗೆ ಈ ಖರ್ಚೂ ಬರಲಿಲ್ಲ. ಹೊರಗೆ ನಿಲ್ಲಬೇಕಾದವನಿಗೆ ಅಕ್ಷರವನ್ನೇ ಕೊಟ್ಟಿರಲಿಲ್ಲ, ಇನ್ನು ಬೋರ್ಡು ಯಾಕೆ? ಎಲ್ಲಿಯವರೆಗೆ ಹೋಗಬಹುದು ಅನ್ನೋದು ಅವ್ವನ ಕಂಕುಳಲ್ಲಿದ್ದಾಗಲೇ ಗೊತ್ತಾಗಿಬಿಡುತ್ತಿತ್ತು.

ಈ ಕಲ್ಲಿನ ಸುದ್ದಿ ಎತ್ತಿದ್ದಕ್ಕೆ ಕಾರಣ ಉಂಟು. ನಮ್ಮ ಗೆಳೆಯರು ನಾಲ್ಕು ಜನ ಕೂತರೆ ಒಂದು ಮಾತು ಬಂದೇ ಬರುತ್ತದೆ. ‘ಗುಡಿ ಬಾಗಿಲು ತೆಗೀರಿ ಅಂತ ಅವರ ಕಾಲು ಯಾಕೆ ಹಿಡಿಯೋದು? ಗರ್ಭಗುಡಿಯೇ ಇಲ್ಲದ ಧರ್ಮಕ್ಕೆ ಹೋದರಾಯ್ತು’ ಅಂತ. ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಗರ್ಭಗುಡಿ ಇಲ್ಲದ ಧರ್ಮ ಯಾವುದು? ಗ್ರಂಥ ಓದಿ ಉತ್ತರ ಹೇಳುವವರು ಬಹಳ ಜನ ಇದ್ದಾರೆ. ನಾನು ಕಟ್ಟಡ ನೋಡಬೇಕು ಅನ್ನುತ್ತೇನೆ. ಗ್ರಂಥದಲ್ಲಿ ಎಲ್ಲರೂ ದೇವರ ಮಕ್ಕಳೇ. ಯಾವ ಮಗು ಎಲ್ಲಿ ಕೂತಿತ್ತು ಅಂತ ಹೇಳುವುದು ನೆಲ ಮತ್ತು ಗೋಡೆ.

ಜೆರುಸಲೇಮಿನಿಂದಲೇ ಶುರುಮಾಡೋಣ. ಹೆರೋದ ರಾಜ ಕ್ರಿ.ಪೂ. 20ರ ಸುಮಾರಿಗೆ ಅಲ್ಲಿನ ಯೆಹೂದಿ ದೇವಾಲಯವನ್ನು ಹೊಸದಾಗಿ ಕಟ್ಟಲು ತೊಡಗಿದ. ಅದರ ವಿವರವನ್ನು ಬರೆದವನು ಯೋಸೇಫಸ್, ತಾನೇ ಪುರೋಹಿತ ವಂಶದವನು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ‘ಮಿಷ್ನಾ’ ಎಂಬ ಯೆಹೂದಿ ಧರ್ಮಸಂಹಿತೆಯಲ್ಲೂ ಅಳತೆಗಳು ಸಿಗುತ್ತವೆ. ಎರಡನ್ನೂ ಇಟ್ಟುಕೊಂಡು ಹೊರಗಿನಿಂದ ಒಳಕ್ಕೆ ನಡೆದು ನೋಡಿ.

ಮೊದಲು ದೊಡ್ಡ ಬಯಲು. ಅಲ್ಲಿಗೆ ಎಲ್ಲರೂ ಬರಬಹುದು, ಪರದೇಶದವನೂ ಬರಬಹುದು. ಮುಟ್ಟಾದ ಹೆಂಗಸು ಮಾತ್ರ ಬರುವಂತಿಲ್ಲ. ಅಂದರೆ ಆ ದಿನಗಳಲ್ಲಿ ಆಕೆ ಅನ್ಯಧರ್ಮದವನಿಗಿಂತಲೂ ಆಚೆ. ಬಯಲು ದಾಟಿದರೆ ಆ ಕಟಾಂಜನ, ಯೋಸೇಫಸ್ ಹೇಳುವಂತೆ ಮೂರು ಮೊಳ ಎತ್ತರ, ನಡುನಡುವೆ ಸಾಯಿಸುವ ಎಚ್ಚರಿಕೆಯ ಕಲ್ಲುಗಳು. ಅದರಾಚೆ ಹೆಂಗಸರ ಅಂಗಳ, 135 ಮೊಳ ಉದ್ದ, ಅಷ್ಟೇ ಅಗಲ. ಅದರಾಚೆ ಹದಿನೈದು ಮೆಟ್ಟಿಲು, ಒಂದು ಹೆಬ್ಬಾಗಿಲು. ಗಂಡಸರು ಹತ್ತಿ ಹೋಗುತ್ತಾರೆ. ಹತ್ತಿದವರಿಗೆ ಸಿಗುವುದೆಷ್ಟು? 135 ಮೊಳ ಉದ್ದದ, ಬರೀ 11 ಮೊಳ ಅಗಲದ ಒಂದು ಪಟ್ಟಿ. ಅಲ್ಲಿಂದ ಮುಂದಕ್ಕೆ ಪುರೋಹಿತರದು. ಪುರೋಹಿತನಾಗುವುದು ಹುಟ್ಟಿನಿಂದ, ಆರೋನನ ವಂಶದಲ್ಲಿ. ಆ ವಂಶದಲ್ಲಿ ಹುಟ್ಟಿದರೂ ಕುರುಡ, ಕುಂಟ, ಗೂನುಬೆನ್ನಿನವ ಬಲಿಪೀಠದ ಹತ್ತಿರ ಹೋಗಬಾರದು ಅಂತ ಅವರ ‘ಲೇವಿಯ’ ಗ್ರಂಥ ಹೇಳುತ್ತದೆ. ಪ್ರಸಾದ ತಿನ್ನಬಹುದು, ಪರದೆಯ ಹತ್ತಿರ ಸುಳಿಯಬಾರದು. ಆಮೇಲೆ ಒಳಮನೆ. ಅದರ ಕೊನೆಗೆ ಪರದೆ. ಪರದೆಯ ಹಿಂದೆ 20 ಮೊಳ ಉದ್ದ, 20 ಮೊಳ ಅಗಲದ ಕತ್ತಲ ಕೋಣೆ. ಅದೇ ಅತಿಪವಿತ್ರ ಸ್ಥಳ. ಅದರೊಳಕ್ಕೆ ಮಹಾಯಾಜಕನೊಬ್ಬನೇ, ವರ್ಷದಲ್ಲಿ ಒಂದೇ ದಿನ.

ಇಷ್ಟೆಲ್ಲ ದಾಟಿ ಹೋದರೆ ಆ ಕೋಣೆಯಲ್ಲಿ ಏನಿತ್ತು? ಏನೂ ಇರಲಿಲ್ಲ. ಯೋಸೇಫಸನೇ ಹಾಗೆ ಬರೆದಿದ್ದಾನೆ. ಹಿಂದಿನ ಕಾಲದ ಒಡಂಬಡಿಕೆಯ ಪೆಟ್ಟಿಗೆ ಎಂದೋ ಕಳೆದುಹೋಗಿತ್ತು. ಹೆರೋದನಿಗೂ ಮುಂಚೆ, ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಊರನ್ನು ಗೆದ್ದು, ದೇವಾಲಯದ ಒಳಕ್ಕೇ ನಡೆದು ನೋಡಿದ. ಖಾಲಿ ಕೋಣೆ ಕಂಡಿತು. ಅವನೂ ಪರದೇಶದವನೇ. ಬೆನ್ನಹಿಂದೆ ಸೈನ್ಯ ಇದ್ದವನಿಗೆ ಮೈಲಿಗೆ ಅಡ್ಡ ಬರಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟಿದ್ದು ಕಟ್ಟಿದವರ ಕತೆ. ಹೆರೋದ ಕೆಲಸ ಶುರುಮಾಡುವ ಮುಂಚೆ ಸಾವಿರ ಜನ ಪುರೋಹಿತರಿಗೆ ಬಟ್ಟೆ ಹೊಲಿಸಿಕೊಟ್ಟು, ಕೆಲವರಿಗೆ ಕಲ್ಲುಕೆಲಸ, ಕೆಲವರಿಗೆ ಮರಗೆಲಸ ಕಲಿಸಿದನಂತೆ. ಯಾಕೆ? ಒಳಗಿನ ಭಾಗವನ್ನು ಸಾಮಾನ್ಯ ಕಲ್ಲುಕುಟಿಗ ಮುಟ್ಟಬಾರದಲ್ಲ! ನಮ್ಮಲ್ಲಿ ಕಲ್ಲು ಕಡಿದವನು, ಹೊತ್ತವನು, ಕೆತ್ತಿದವನು ಪ್ರತಿಷ್ಠೆ ಆಗುವವರೆಗೆ ಒಳಗಿರಬಹುದು, ಪ್ರತಿಷ್ಠೆ ಆದ ಕ್ಷಣ ಹೊರಗೆ. ಅವರು ಒಂದು ಹೆಜ್ಜೆ ಮುಂದೆ ಹೋಗಿ ಪುರೋಹಿತನ ಕೈಗೇ ಉಳಿ ಸುತ್ತಿಗೆ ಕೊಟ್ಟರು. ಒಂದು ಲೆಕ್ಕದಲ್ಲಿ ಒಳ್ಳೇದೇ, ಪುರೋಹಿತನೂ ಒಂದಷ್ಟು ದಿನ ಬೆವರಿದ! ಆಮೇಲಾಮೇಲೆ ಆ ಖಾಲಿ ಕೋಣೆಯ ರಿಪೇರಿ ಬಂದಾಗ ಏನು ಮಾಡುತ್ತಿದ್ದರು ಅನ್ನುವುದನ್ನು ಮಿಷ್ನಾ ಹೇಳುತ್ತದೆ. ಮೇಲುಮಹಡಿಯ ನೆಲದಲ್ಲಿ ಕಿಂಡಿಗಳಿದ್ದವು. ಕೆಲಸಗಾರನನ್ನು ಪೆಟ್ಟಿಗೆಯಲ್ಲಿ ಕೂರಿಸಿ ಹಗ್ಗದಿಂದ ಕೆಳಕ್ಕೆ ಇಳಿಬಿಡುತ್ತಿದ್ದರು. ತಾನು ರಿಪೇರಿ ಮಾಡುವ ಗೋಡೆ ಬಿಟ್ಟು ಬೇರೇನನ್ನೂ ಅವನು ಕಣ್ತುಂಬ ನೋಡಬಾರದು ಅಂತ. ಗಾರೆ ಮೆತ್ತಲು ಅವನ ಕೈ ಬೇಕು, ಅವನ ಕಣ್ಣು ಬೇಡ.

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಈ ಗೋಡೆಗಳನ್ನು ತೋರಿಸಿಯೇ ಯುರೋಪಿನ ಕ್ರೈಸ್ತರು ನೂರಾರು ವರ್ಷ ಯೆಹೂದಿಗಳನ್ನು ಹಳಿದರು, ಊರಾಚೆ ಕೇರಿ ಮಾಡಿ ಇಟ್ಟರು, ಕೊಂದರು. ಆ ಪಾಪದ ಮಾತನ್ನು ನಾವು ಕಲಿಯಬೇಕಾಗಿಲ್ಲ. ಇದೇ ಯೆಹೂದಿಗಳ ಪ್ರವಾದಿ ಯೆಶಾಯನ ಗ್ರಂಥದಲ್ಲಿ, ಈ ಮನೆ ಎಲ್ಲ ಜನಾಂಗಗಳ ಪ್ರಾರ್ಥನೆಯ ಮನೆಯಾಗಬೇಕು ಎಂಬ ಆಶಯ ಇದೆ. ಗೋಡೆ ಕಟ್ಟಿದ ಜನದೊಳಗೇ ಗೋಡೆ ಬೇಡ ಅಂದವರೂ ಇದ್ದರು. ಎಲ್ಲ ಕಡೆಯೂ ಇರುತ್ತಾರೆ.

ಯೇಸುವೂ ಆ ಜನದವನೇ. ಅವನು ಶಿಲುಬೆಯ ಮೇಲೆ ಸತ್ತಾಗ ಆ ದೇವಾಲಯದ ಪರದೆ ಮೇಲಿಂದ ಕೆಳಗಿನವರೆಗೆ ಹರಿದು ಎರಡಾಯಿತು ಅಂತ ಅವನ ಶಿಷ್ಯಪರಂಪರೆ ಬರೆಯಿತು. ನಡೆಯಿತೋ ಇಲ್ಲವೋ, ಬರೆದವರಿಗೆ ಬೇಕಾಗಿದ್ದದ್ದು ಏನು ಅನ್ನೋದು ಸ್ಪಷ್ಟ. ಪೌಲನ ಕತೆಯಂತೂ ನೇರವಾಗಿ ಆ ಕಟಾಂಜನಕ್ಕೇ ಬಂದು ತಾಗುತ್ತದೆ. ಎಫೆಸದ ತ್ರೋಫಿಮ ಎಂಬ ಅನ್ಯಜನಾಂಗದವನನ್ನು ಒಳಗೆ ಕರಕೊಂಡು ಬಂದ ಅಂತ ಸುದ್ದಿ ಹಬ್ಬಿ, ಜನ ಅವನನ್ನು ಹೊರಕ್ಕೆ ಎಳೆದು ಬಡಿಯುತ್ತಿದ್ದಾಗ ರೋಮಿನ ಸಿಪಾಯಿಗಳು ಬಂದು ಬಿಡಿಸಿಕೊಂಡರು. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ದೇವಾಲಯವನ್ನೇ ಸುಟ್ಟು ಕೆಡವಿತು. ಕಟಾಂಜನವೂ ಹೋಯಿತು, ಪರದೆಯೂ ಹೋಯಿತು.

ಆಮೇಲೆ ಕೊಂಚ ಕಾಲ ಕ್ರೈಸ್ತರಿಗೆ ಗುಡಿಯೇ ಇರಲಿಲ್ಲ. ಮನೆಗಳಲ್ಲಿ ಸೇರುತ್ತಿದ್ದರು. ಯೂಫ್ರಟೀಸ್ ನದಿಯ ದಡದಲ್ಲಿ, ಈಗಿನ ಸಿರಿಯಾದಲ್ಲಿ, ದುರಾ ಯೂರೋಪಾಸ್ ಎಂಬ ಹಾಳೂರಿದೆ. ಅಲ್ಲಿ 1930ರ ದಶಕದ ಆರಂಭದಲ್ಲಿ ಅಗೆದಾಗ ಕ್ರಿ.ಶ. 240ರ ಸುಮಾರಿನ ಅಂಥದೊಂದು ಮನೆ ಸಿಕ್ಕಿತು. ಸಾಧಾರಣ ಮನೆ. ಸಭೆಗೆ ಜಾಗ ಸಾಲದೆ ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಡೆದು ಒಂದು ಮಾಡಿಕೊಂಡಿದ್ದರು. ಈ ವಿವರ ಓದಿದ ದಿನ ನನಗೆ ಬಹಳ ಖುಷಿಯಾಯ್ತು. ದೇವರ ಹೆಸರಿನಲ್ಲಿ ಗೋಡೆ ಒಡೆದವರೂ ಒಂದು ಕಾಲಕ್ಕೆ ಇದ್ದರಲ್ಲ! ಆದರೆ ಆ ಕೋಣೆಯ ಒಂದು ತುದಿಗೆ ಒಂದು ಸಣ್ಣ ಜಗಲಿಯೂ ಇತ್ತು. ಸಭೆ ನಡೆಸುವವನಿಗೆ ಇರಬೇಕು.

ಜಗಲಿ ಬೆಳೆಯುತ್ತಾ ಹೋಯಿತು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಈ ಧರ್ಮದ ಬೆನ್ನಿಗೆ ನಿಂತದ್ದೇ ತಡ, ಮನೆಗಳು ಅರಮನೆಯಂಥ ಮಂದಿರಗಳಾದವು. ಕ್ರಿ.ಶ. 315ರ ಸುಮಾರಿಗೆ ಲೆಬನಾನಿನ ಟೈರ್ ಊರಿನಲ್ಲಿ ಹೊಸ ಚರ್ಚಿನ ಪ್ರತಿಷ್ಠೆ ಆದಾಗ ಯುಸೇಬಿಯಸ್ ಎಂಬ ಬಿಷಪ್ ಮಾಡಿದ ಭಾಷಣ ಉಳಿದಿದೆ. ಬಲಿಪೀಠವನ್ನು ನಡುವೆ ಇಟ್ಟು, ಜನಸಮೂಹ ಹತ್ತಿರ ಬಾರದಂತೆ ಸುತ್ತಲೂ ಮರದ ಜಾಲಂಧ್ರ ಹಾಕಿಸಿದ್ದನ್ನು ಆತ ಹೊಗಳುತ್ತಾನೆ, ಅದರ ಕೆತ್ತನೆ ಎಷ್ಟು ಚೆಂದ ಅಂತ ಬೇರೆ ಹೇಳುತ್ತಾನೆ. ಮುನ್ನೂರು ವರ್ಷವೂ ಆಗಿರಲಿಲ್ಲ, ಹರಿದ ಪರದೆಯನ್ನು ಮರದಲ್ಲಿ ಮಾಡಿಸಿ ಮತ್ತೆ ನಿಲ್ಲಿಸಿಬಿಟ್ಟರು. ಪೂರ್ವದ ಚರ್ಚುಗಳಲ್ಲಿ ಅದು ಕಲ್ಲಾಯಿತು, ಬೆಳ್ಳಿಯಾಯಿತು, ಕೊನೆಗೆ ಸಂತರ ಚಿತ್ರಗಳ ಎತ್ತರದ ಗೋಡೆಯಾಯಿತು. ಪಶ್ಚಿಮದಲ್ಲೂ ಪಾದ್ರಿಗೊಂದು ಭಾಗ, ಜನಕ್ಕೊಂದು ಭಾಗ, ನಡುವೆ ತಡಿಕೆ. ಲ್ಯಾಟಿನ್ನಿನಲ್ಲಿ ಮಂತ್ರ. ಜನ ಈಚೆ ನಿಂತು ರೊಟ್ಟಿ ಮೇಲೆತ್ತಿದ್ದನ್ನು ಇಣುಕಿ ನೋಡಿ ಕೈಮುಗಿಯುತ್ತಿದ್ದರು.

ಇಂಗ್ಲೆಂಡಿನ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಸುಧಾರಣೆ ಆಗಿ ಹಳೇ ತಡಿಕೆಗಳ ಮೇಲಿನ ಶಿಲುಬೆ ವಿಗ್ರಹಗಳನ್ನೆಲ್ಲ ಕಿತ್ತುಹಾಕಿದ ಮೇಲೆ, 1630ರ ದಶಕದಲ್ಲಿ ಆರ್ಚ್‌ಬಿಷಪ್ ಲಾಡ್ ಮತ್ತು ಅವನ ಕಡೆಯವರು ಪ್ರಭುಭೋಜನದ ಮೇಜಿಗೆ ಮತ್ತೆ ಕಟಾಂಜನ ಹಾಕಿಸಿದರು. 1636ರಲ್ಲಿ ನಾರ್ವಿಚ್ಚಿನ ಬಿಷಪ್ ರೆನ್ ಹೊರಡಿಸಿದ ಆಜ್ಞೆಯಲ್ಲಿ ಅಳತೆಯೂ ಇದೆ, ಕಾರಣವೂ ಇದೆ. ಗಜದಷ್ಟು ಎತ್ತರ ಇರಬೇಕು, ನಾಯಿ ನುಗ್ಗದಷ್ಟು ಒತ್ತಾಗಿ ಕಂಬ ಇರಬೇಕು. ನಾಯಿಗೆ ಅಂತಲೇ ಹಾಕಿದ್ದಂತೆ! ಆದರೆ ಈಚೆ ಬದಿಯಲ್ಲಿ ಮಂಡಿಯೂರಬೇಕಾದದ್ದು ಮನುಷ್ಯರು. 1640ರಲ್ಲಿ ಯುದ್ಧಕ್ಕೆ ಹಿಡಿದು ತಂದ ಬಡ ಸಿಪಾಯಿಗಳು ದಾರಿಯಲ್ಲಿ ಸಿಕ್ಕ ಚರ್ಚುಗಳಿಗೆ ನುಗ್ಗಿ ಈ ಕಟಾಂಜನಗಳನ್ನು ಕಿತ್ತು ಬೆಂಕಿ ಹಾಕಿದರು. ಮರುವರ್ಷ ಪಾರ್ಲಿಮೆಂಟಿನ ಕೆಳಮನೆ, ಕಿತ್ತುಹಾಕಿ ಅಂತ ತಾನೇ ಆಜ್ಞೆ ಮಾಡಿತು. ಸಿಪಾಯಿ ಮೊದಲು, ಆಜ್ಞೆ ಆಮೇಲೆ.

ಇತ್ತ ದೇವಾಲಯ ಕಳೆದುಕೊಂಡ ಯೆಹೂದಿಗಳಿಗೆ ಸಿನಗಾಗ್ ಉಳಿಯಿತು. ಅಲ್ಲಿ ಬಲಿ ಇಲ್ಲ, ವಂಶದ ಪುರೋಹಿತನ ದರ್ಬಾರಿಲ್ಲ. ಹತ್ತು ಜನ ಗಂಡಸರು ಸೇರಿದರೆ ಪೂರ್ಣ ಪ್ರಾರ್ಥನೆ ನಡೆಯುತ್ತದೆ. ಹೆಂಗಸರು ಆ ಎಣಿಕೆಗೆ ಇಲ್ಲ. ಜರ್ಮನಿಯ ವರ್ಮ್ಸ್ ಊರಿನಲ್ಲಿ 1213ರ ಸುಮಾರಿಗೆ ಹೆಂಗಸರಿಗಾಗಿ ಸಿನಗಾಗಿಗೆ ಅಂಟಿಕೊಂಡಂತೆ ಬೇರೆ ಕೋಣೆ ಕಟ್ಟಿಸಿದರು. ನಡುವೆ ಗೋಡೆ, ಗೋಡೆಯಲ್ಲಿ ಸಣ್ಣ ಕಿಂಡಿ. ನಮಗಾದರೆ ಕನಕನ ಕಿಂಡಿ ನೆನಪಾಗುತ್ತದೆ. ಆ ಕಿಂಡಿಯಿಂದ ಬಂದ ದನಿಗೆ ಕಿವಿಗೊಟ್ಟು ಹೆಂಗಸರು ಪ್ರಾರ್ಥಿಸಬೇಕಿತ್ತು. ಆದರೆ ಅವರು ಸುಮ್ಮನೆ ಕೂತಿರಲಿಲ್ಲ. 1275ರಲ್ಲಿ ತೀರಿಕೊಂಡ ಉರಾನಿಯಾ ಎಂಬಾಕೆಯ ಸಮಾಧಿಕಲ್ಲು ಆ ಊರಲ್ಲಿದೆ. ಹೆಂಗಸರ ಪ್ರಾರ್ಥನೆಯನ್ನು ಆಕೆ ಹಾಡಿ ನಡೆಸುತ್ತಿದ್ದಳು ಅಂತ ಅದರಲ್ಲಿ ಕೆತ್ತಿದ್ದಾರೆ. ನಡುವಿನ ಗೋಡೆ ಒಡೆದದ್ದು 19ನೇ ಶತಮಾನದಲ್ಲಿ. 1938ರಲ್ಲಿ ನಾಜಿಗಳು ಇಡೀ ಸಿನಗಾಗಿಗೇ ಬೆಂಕಿಯಿಟ್ಟರು. 1961ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿದರು. ಊರಿನವರು ಕೇರಿಯ ಸುತ್ತ ಗೋಡೆ ಹಾಕಿದ್ದಾಗ ಕೇರಿಯವರು ತಮ್ಮೊಳಗೇ ಇನ್ನೊಂದು ಗೋಡೆ ಹಾಕಿಕೊಂಡಿದ್ದರು. ಎಡಗೈ ಬಲಗೈ ಅಂತ ಒಂದು ಬಾವಿಯ ನೀರು ಕುಡಿಯದ ನಾವು ಇದನ್ನು ಓದಿ ಯೆಹೂದಿಗಳನ್ನು ನೋಡಿ ನಗುವ ಹಾಗಿಲ್ಲ.

ಅಮೆರಿಕಕ್ಕೆ ಹೋದರೆ ಗೋಡೆ ಮೇಲಕ್ಕೆ ಹತ್ತಿ ಅಟ್ಟವಾಗುತ್ತದೆ. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಕರಿಯರನ್ನು ಅಟ್ಟಕ್ಕೆ ಕಳಿಸಿದರು. ರಿಚರ್ಡ್ ಆಲನ್, ಆಬ್ಸಲಮ್ ಜೋನ್ಸ್ ಮತ್ತು ಗೆಳೆಯರು ಹೋಗಿ ಮಂಡಿಯೂರಿದ್ದರು, ಪ್ರಾರ್ಥನೆ ನಡೆದಿತ್ತು. ಕೂತ ಜಾಗ ಸರಿಯಲ್ಲ ಅಂತ ಚರ್ಚಿನ ಧರ್ಮದರ್ಶಿಯೊಬ್ಬ ಜೋನ್ಸನ ರಟ್ಟೆ ಹಿಡಿದು ಎಳೆದ. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿ ಅಂದರೆ ತಾಳಲಿಲ್ಲ. ಪ್ರಾರ್ಥನೆ ಮುಗಿಯಿತು, ಅಷ್ಟೂ ಜನ ಎದ್ದು ಒಟ್ಟಿಗೇ ಹೊರಗೆ ನಡೆದುಬಿಟ್ಟರು. ಆಲನ್ ಹುಟ್ಟಾ ಗುಲಾಮ, ದುಡಿದು ದುಡ್ಡು ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡವನು. ಒಂದು ಹಳೇ ಕಮ್ಮಾರಸಾಲೆಯನ್ನು ಕೊಂಡು, ಕುದುರೆ ಕಟ್ಟಿ ಎಳೆಸಿ ತನ್ನ ನಿವೇಶನಕ್ಕೆ ತಂದು ನಿಲ್ಲಿಸಿ, ಅದನ್ನೇ ಚರ್ಚು ಮಾಡಿದ. 1794ರಲ್ಲಿ ಅದರ ಪ್ರಾರಂಭವಾಯಿತು. ಬೆತೆಲ್ ಅಂತ ಹೆಸರು, ದೇವರ ಮನೆ ಎಂದರ್ಥ. ಕಬ್ಬಿಣ ಕಾಸುತ್ತಿದ್ದ ಮನೆಯಲ್ಲಿ ದೇವರು ಕೂತ.

ಈಗ ನಮ್ಮ ಪಕ್ಕಕ್ಕೆ ಬರೋಣ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ ವಡಕ್ಕನ್‌ಕುಳಂ ಎಂಬ ಊರಿದೆ. ಅಲ್ಲಿನ ಕ್ಯಾಥೊಲಿಕ್ಕರಲ್ಲಿ ಪಿಳ್ಳೆ, ಮುದಲಿಯಾರರು ಒಂದು ಕಡೆ, ನಾಡಾರರು ಇನ್ನೊಂದು ಕಡೆ. ಒಟ್ಟಿಗೆ ಕೂರಲಾರರು, ಆದರೆ ಪೂಜೆ ಒಂದೇ ಬೇಕು. 1872ರಲ್ಲಿ ಕಟ್ಟಿದ ಚರ್ಚು ಇದಕ್ಕೆ ಒಂದು ಉಪಾಯ ಹುಡುಕಿತು. ಪ್ಯಾಂಟಿನ ಎರಡು ಕಾಲಿನ ಹಾಗೆ ಎರಡು ಉದ್ದ ಹಜಾರ, ಎರಡೂ ಸೇರುವ ಕಡೆ ಬಲಿಪೀಠ. ಈ ಕಾಲಿನಲ್ಲಿ ಕೂತವನಿಗೂ ಪಾದ್ರಿ ಕಾಣುತ್ತಾನೆ, ಆ ಕಾಲಿನಲ್ಲಿ ಕೂತವನಿಗೂ ಕಾಣುತ್ತಾನೆ. ಅವನಿಗೆ ಇವನು ಕಾಣುವುದಿಲ್ಲ. ಜೆರುಸಲೇಮಿನಲ್ಲಿ ದೇವರಿಗೂ ಮನುಷ್ಯನಿಗೂ ನಡುವೆ ಗೋಡೆ ಇತ್ತು. ಇಲ್ಲಿ ದೇವರು ಇಬ್ಬರಿಗೂ ಕಾಣುತ್ತಾನೆ, ಮರೆ ಬೇಕಾದದ್ದು ಪಕ್ಕದ ಮನುಷ್ಯನಿಂದ. ಯುರೋಪಿನಿಂದ ಬಂದ ಚರ್ಚಿಗೆ ನಮ್ಮ ನೆಲದ ಜಾತಿ ಕಲಿಸಿದ ವಾಸ್ತುಶಾಸ್ತ್ರ ಇದು!

1910ರಲ್ಲಿ ಚರ್ಚಿನವರು ನಡುವಿನ ಅಡ್ಡಗೋಡೆ ತೆಗೆಸಿದರು. ಪಿಳ್ಳೆ, ಮುದಲಿಯಾರರು ಬಿಷಪ್ಪನ ಮೇಲೆ ದಾವೆ ಹಾಕಿ ಮದ್ರಾಸ್ ಹೈಕೋರ್ಟಿನವರೆಗೂ ಹೋದರು. ಗೋಡೆ ನಮ್ಮ ಹಕ್ಕು, ಮತ್ತೆ ಕಟ್ಟಿಸಿಕೊಡಿ ಅಂತ! ಕೋರ್ಟು ಒಪ್ಪಲಿಲ್ಲ. ನಾಡಾರರಿಗೇ ಈ ಗತಿ, ಇನ್ನು ಹೊಲೆಮಾದಿಗರ ಸಮಾನರಾದ ಪರೆಯರ ಪಾಡು ಕೇಳಬೇಕೆ? ತಂಜಾವೂರು ಕಡೆಯ ಪ್ರೊಟೆಸ್ಟೆಂಟ್ ಚರ್ಚುಗಳಲ್ಲೂ ವೆಳ್ಳಾಲರೂ ಪರೆಯರೂ ಬೇರೆ ಬೇರೆ ಕೂರುತ್ತಿದ್ದರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಈ ಭೇದ ಈ ಕೂಡಲೇ ನಿಲ್ಲಬೇಕು ಅಂತ ಸುತ್ತೋಲೆ ಕಳಿಸಿದಾಗ ಮೇಲುಜಾತಿಯ ಕ್ರೈಸ್ತರು ಬಹಳ ಮಂದಿ ಚರ್ಚನ್ನೇ ಬಿಟ್ಟು ಎದ್ದುಹೋದರು. ಹೀಗಿದ್ದೂ ಸರ್ಕಾರದ ಲೆಕ್ಕದಲ್ಲಿ ಕ್ರೈಸ್ತನಾದವನ ಅಸ್ಪೃಶ್ಯತೆ ಹೋದಂತೆ. 1950ರ ಪರಿಶಿಷ್ಟ ಜಾತಿ ಆದೇಶದ ಪಟ್ಟಿಗೆ 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ದಲಿತ ಕ್ರೈಸ್ತರನ್ನು ಸೇರಿಸಲಿಲ್ಲ. ಚರ್ಚಿನ ಒಳಗೂ ಗೋಡೆ, ಸೌಲಭ್ಯದ ಪಟ್ಟಿಗೂ ಗೋಡೆ.

ಕೊಚ್ಚಿಯ ಕತೆ ಬಾಕಿ ಇದೆ. ಮಟ್ಟಾಂಚೇರಿಯ ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ, ರಾಜನ ಅರಮನೆಯ ಮಗ್ಗುಲಲ್ಲೇ. ಅರಮನೆಯ ಗುಡಿಗೂ ಇದಕ್ಕೂ ಒಂದೇ ಗೋಡೆ. ಹೆಸರೇ ಪರದೇಸಿ ಅಂತ. ಸ್ಪೇನ್ ಮುಂತಾದ ಕಡೆಗಳಿಂದ ಓಡಿಸಿಕೊಂಡು ಬಂದವರು. ಬಂದು ನೆಲೆಯೂರಿದ ಮೇಲೆ ತಾವು ಬಿಳಿಯರು ಅಂದುಕೊಂಡರು. ತಮಗಿಂತ ನೂರಾರು ವರ್ಷ ಮುಂಚಿನಿಂದ ಅಲ್ಲಿದ್ದ ಮಲಬಾರಿ ಯೆಹೂದಿಗಳನ್ನು ಕರಿಯರು ಅಂದರು. ತಮ್ಮ ಮನೆಯಲ್ಲೇ ದುಡಿದು, ಬಿಡುಗಡೆಯಾಗಿ, ತಮ್ಮ ಧರ್ಮವನ್ನೇ ಪಾಲಿಸುತ್ತಿದ್ದ ಗುಲಾಮರ ಮಕ್ಕಳು ಮೊಮ್ಮಕ್ಕಳನ್ನು ‘ಮೆಶುಹ್ರಾರಿಮ್’ ಅಂತ ಬೇರೆ ಇಟ್ಟರು. ಬಿಡುಗಡೆಯಾದವರು ಅಂತ ಅದರ ಅರ್ಥ. ಅವರಿಗೆ ಒಳಗಿನ ಬೆಂಚು ಇಲ್ಲ, ನೆಲದ ಮೇಲೆ, ಇಲ್ಲವೇ ಹೊರಗಿನ ಮೊಗಸಾಲೆಯಲ್ಲಿ ಕೂರಬೇಕು. ಎಲ್ಲರ ಹಾಗೆ ಕರೆದು ಧರ್ಮಗ್ರಂಥ ಓದಿಸುವುದಿಲ್ಲ. ಹೆಣ್ಣು ಕೊಡುವುದು ತರುವುದು ಇಲ್ಲ. ಸತ್ತರೆ ಮಣ್ಣೂ ಬೇರೆ. ಆ ಮೊಗಸಾಲೆಗೆ ಕೇರಳದ ಯೆಹೂದಿಗಳು ‘ಅಝಾರಾ’ ಅನ್ನುತ್ತಾರೆ. ಜೆರುಸಲೇಮ್ ದೇವಾಲಯದ ಅಂಗಳಕ್ಕಿದ್ದ ಹೀಬ್ರೂ ಹೆಸರೂ ಅದೇ.

ಶಾಸ್ತ್ರ ಇದನ್ನು ಒಪ್ಪಿತ್ತೇ ಅಂದರೆ ಅದೂ ಇಲ್ಲ. 16ನೇ ಶತಮಾನದಲ್ಲೇ ಕೊಚ್ಚಿಯಿಂದ ಕೈರೋದ ರಬ್ಬಿ ಡೇವಿಡ್ ಇಬ್ನ್ ಝಿಮ್ರಾ ಅವರಿಗೆ ಪ್ರಶ್ನೆ ಹೋಗಿತ್ತು. ವಿಧಿಯಂತೆ ಸ್ನಾನ ಮಾಡಿಸಿ ಸಮುದಾಯದೊಳಗೆ ಸೇರಿಸಿಕೊಳ್ಳಿ ಅಂತ ಆತ ಬರೆದು ಕಳಿಸಿದ. ಉತ್ತರ ಬಂತು, ಬೆಂಚು ಬರಲಿಲ್ಲ. ಮುನ್ನೂರೈವತ್ತು ವರ್ಷ ಬರಲಿಲ್ಲ.

ಆಮೇಲೆ ಅವರೊಳಗಿಂದ ಒಬ್ಬ ಹುಡುಗ ಕಾಲೇಜು ಓದಿದ. ಅಬ್ರಹಾಂ ಬರಾಕ್ ಸೇಲಂ ಅಂತ ಹೆಸರು, ಹುಟ್ಟಿದ್ದು 1882ರಲ್ಲಿ. ಆ ಜನದೊಳಗೆ ಪದವಿ ಪಡೆದವರಲ್ಲಿ ಅವನೇ ಮೊದಲಿಗ, ವಕೀಲನೂ ಆದ. ಮೊದಲ ಸಲ ಓದಿದವನ ಎದೆಯಲ್ಲಿ ಏನು ಕುದಿಯುತ್ತದೆ ಅನ್ನೋದನ್ನು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಕಾರ್ಮಿಕರ ಪರವಾಗಿ ಮಾತಾಡಿದ, ಕೊಚ್ಚಿಯ ಶಾಸನಸಭೆಗೆ ಹೋದ, 1929ರ ಲಾಹೋರ್ ಕಾಂಗ್ರೆಸ್ಸಿಗೂ ಹೋಗಿಬಂದ. ಅದೇ ಮನುಷ್ಯ ಶಬ್ಬಾತಿನ ದಿನ ತನ್ನ ದೇವರ ಮನೆಗೆ ಬಂದರೆ ನೆಲದ ಮೇಲೆ. ಸೇಲಂ ತನ್ನ ಸಿನಗಾಗಿನಲ್ಲೇ ಸತ್ಯಾಗ್ರಹ ಹೂಡಿದ. ಆ ಕಾಲಕ್ಕೆ ಅದೇ ಕರಾವಳಿಯಲ್ಲಿ, 1924-25ರಲ್ಲಿ, ವೈಕಂ ಗುಡಿಯ ಸುತ್ತಲ ದಾರಿಗಾಗಿ ಈಳವರೂ ಪುಲಯರೂ ಮಳೆ ನೀರಿನಲ್ಲಿ ನಿಂತಿದ್ದರು. ಅಲ್ಲಿ ಗುಡಿಯ ಮುಂದಿನ ಬೀದಿ, ಇಲ್ಲಿ ಸಿನಗಾಗಿನ ಒಳಗಿನ ಬೆಂಚು. ಸೇಲಂ ಬಿಡಲಿಲ್ಲ. ವರ್ಷಗಟ್ಟಲೆ ಎಳೆದಾಟ ನಡೆದು, ಕೂರುವ ಜಾಗ, ಗ್ರಂಥ ಓದುವ ಹಕ್ಕು ಒಂದೊಂದಾಗಿ ಕೈಗೆ ಬಂದವು. ಮದುವೆಯ ಗೋಡೆ ಎಲ್ಲಕ್ಕಿಂತ ಗಟ್ಟಿ ಇತ್ತು. 1950ರಲ್ಲಿ ಸೇಲಂನ ಮಗನೇ ಬಿಳಿಯರ ಮನೆಯ ಹುಡುಗಿಯನ್ನು ಮದುವೆಯಾದ.

ಅಷ್ಟು ಹೊತ್ತಿಗೆ ಇಸ್ರೇಲ್ ಹುಟ್ಟಿತ್ತು. 1950ರ ದಶಕದಲ್ಲಿ ಕೊಚ್ಚಿಯ ಯೆಹೂದಿಗಳು ಬಹುಪಾಲು ಹಡಗು, ವಿಮಾನ ಹತ್ತಿದರು. ಸೇಲಂ ಊರು ಬಿಡಲಿಲ್ಲ, 1967ರಲ್ಲಿ ತೀರಿಕೊಂಡ. ಮರುವರ್ಷ ಪರದೇಸಿ ಸಿನಗಾಗಿಗೆ 400 ವರ್ಷ ತುಂಬಿದ ಉತ್ಸವ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು, ಅಂಚೆಚೀಟಿಯೂ ಬಿಡುಗಡೆಯಾಯಿತು. ಅದಾದ ಮೇಲೆ ವರ್ಷದಿಂದ ವರ್ಷಕ್ಕೆ ಮನೆಗಳು ಖಾಲಿಯಾದವು. ಬೆಂಚುಗಳು ಹಾಗೇ ಇದ್ದವು, ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರು ಸಿಗುತ್ತಿರಲಿಲ್ಲ. ಉಳಿದ ಮುದುಕರು ಬಾಗಿಲಲ್ಲಿ ಕೂತು, ಊರು ನೋಡಲು ಬಂದ ಪರದೇಶದ ಯೆಹೂದಿ ಯಾರಾದರೂ ಈ ಬೀದಿಗೆ ತಿರುಗುತ್ತಾನೋ ಅಂತ ಕಾಯುತ್ತಿದ್ದರು.